ಅಲುಗಾಡದ ಮೂಗು

ಅಜ್ಜಿಯ ಕಾಲದಲ್ಲಿ ಕಡಲು ಏರಿ ಬಂದಾಗಿನಿಂದ ಊರಿನ ಮನೆಗಳೆಲ್ಲ ಪೀಪಾಯಿಗಳ ಮೇಲೆ ತೇಲುತ್ತಿದ್ದವು. ಆ ಓಲಾಟ ಜಲಜಾಕ್ಷಿಗೆ ಹುಟ್ಟಿನಿಂದಲೇ ರೂಢಿ. ಆದರೆ ಒಂದು ದೊಡ್ಡ ಅಲೆ ಬಂದು, ಬಾಗಿಲ ಚೌಕಟ್ಟು ತಲೆಗೆ ಬಡಿದ ಮೇಲೆ ಅವಳಿಗೆ ಹಿಡಿದ ತಲೆಸುತ್ತು ಬಿಡಲೇ ಇಲ್ಲ. ಒಲೆಯ ಮುಂದೆ ನಿಲ್ಲಲಾಗದೆ ಅವಳ ಮೀನಿನ ಹೋಟೆಲು ಮುಚ್ಚಿತು. ಒಬ್ಬ ಡಾಕ್ಟರು ಮಲಗಿ ಎಂದರು, ಇನ್ನೊಬ್ಬರು ಮಾತ್ರೆ ಕೊಟ್ಟರು. ಗುಣ ಕಾಣಲಿಲ್ಲ.

ಕೊನೆಗೆ ಫಿಸಿಯೋಥೆರಪಿಯ ನಫೀಸಾ ಡಾಕ್ಟರು, "ಅಲುಗಾಡದ ಒಂದು ವಸ್ತುವನ್ನೇ ನೋಡುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು," ಎಂದರು.

"ಈ ಊರಲ್ಲಿ ಅಲುಗಾಡದ್ದು ಏನುಂಟು ಡಾಕ್ಟ್ರೇ?"

ನಫೀಸಾ ಸುತ್ತ ನೋಡಿದರು. ಗಡಿಯಾರ, ಪರದೆ, ದೀಪ ಎಲ್ಲವೂ ತೂಗುತ್ತಿದ್ದವು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಜಲಜಾಕ್ಷಿಯ ಗಂಡ ದೂಮಣ್ಣನ ಮೈಯೂ ಓಲಾಡುತ್ತಿತ್ತು. ತಲೆ ಮಾತ್ರ ಕೊಕ್ಕರೆಯ ತಲೆಯ ಹಾಗೆ ಅಲುಗದೆ ನಿಂತಿತ್ತು.

"ಇವರ ಮೂಗು ನೋಡಿ," ಎಂದರು ಡಾಕ್ಟರು.

ದಿನಾ ಸಂಜೆ ಅವಳು ಆ ಮೂಗನ್ನೇ ದಿಟ್ಟಿಸಿ ತಲೆಯಾಡಿಸತೊಡಗಿದಳು. ದೂಮಣ್ಣನಿಗೆ ಕಸಿವಿಸಿ.

"ನಾನು ಬಾಯಿಯೇ ಬಿಟ್ಟಿಲ್ಲ, ಆಗಲೇ ಬೇಡ ಬೇಡ ಅಂತೀಯಲ್ಲ?"

"ಮಾತಾಡಿದರೆ ಮೂಗು ಅಲ್ಲಾಡ್ತದೆ. ಅಲ್ಲ, ನಿಮ್ಮ ಮೂಗಿನ ಮೇಲೆ ಮಚ್ಚೆ ಉಂಟಾ? ಇಷ್ಟು ವರ್ಷ ಕಂಡೇ ಇರಲಿಲ್ಲ."

"ನೋಡಿದ್ದರೆ ತಾನೆ."

ಮಳೆಗಾಲ ಕಳೆಯುವಷ್ಟರಲ್ಲಿ ತಲೆಸುತ್ತು ಹೋಯಿತು, ಹೋಟೆಲು ತೆರೆಯಿತು. ಅಂದು ಸಂಜೆಯೂ ದೂಮಣ್ಣ ಮುಖ ತೊಳೆದು, ತಲೆ ಬಾಚಿ, ಅವಳೆದುರು ಬಂದು ಕೂತ. ಇನ್ನು ಬೇಕಾಗಿಲ್ಲ ಎನ್ನಲು ಹೊರಟವಳು ಮಾತು ನುಂಗಿಕೊಂಡಳು.

"ಸ್ವಲ್ಪ ಉಳಿದುಂಟು," ಎಂದು ತಲೆಯಾಡಿಸತೊಡಗಿದಳು.