ಮಂಡಿಯೂರಿದವನು

ಬೆಳಗಿನ ಪ್ರಾರ್ಥನೆ ಮುಗಿಸಿ ಹೊರಗೆ ಬಂದ ಮಸೀನಾ ನಿಂತಲ್ಲೇ ನಿಂತಳು. ಅಂಗಳದ ಹರಳುಗಲ್ಲುಗಳ ಮೇಲೆ ಒಬ್ಬ ಮನುಷ್ಯ, ಮನೆತನದ ನಯವಾದ ಚಾಪೆಯನ್ನು ತಲೆತುಂಬ ಹೊದ್ದು, ಮಂಡಿಯೂರಿ ಕುಳಿತಿದ್ದ. ಸಮೋವಾ ದ್ವೀಪಗಳಲ್ಲಿ ಹಾಗೆ ಕೂರುವವನು ಘೋರ ತಪ್ಪಿಗೆ ಕ್ಷಮೆ ಬೇಡುವವನು. ನೊಂದವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಅವನು ಹಾಗೆಯೇ ಕುಳಿತಿರಬೇಕು.

ಚಾಪೆಯಂಚಿನಲ್ಲಿ ಕಂಡ ಕೈಗಡಿಯಾರದಿಂದಲೇ ಗುರುತು ಸಿಕ್ಕಿತು. ಕಾರುಗಳಿಗೆ ತಂತಿ ಜೋಡಿಸುವ ಕಾರ್ಖಾನೆಯ ಮ್ಯಾನೇಜರ್ ಪೆಸಾಮಿನೊ. ಹದಿನೆಂಟು ವರ್ಷ ಅವಳು ಅವನ ಕೈಕೆಳಗೆ ದುಡಿದಿದ್ದಳು. ಹೋದ ತಿಂಗಳು ಹೋಟೆಲಿನ ಕೆಲಸ ತಾನಾಗಿ ಬಂದಾಗ, "ಹೋಗ್ಬೇಡಮ್ಮ, ಕಾರ್ಖಾನೆ ಮುಚ್ಚಲ್ಲ, ನಾನಿದ್ದೀನಲ್ಲ" ಎಂದವನು ಅವನೇ. ಆ ಮಾತು ನಂಬಿ ಅವಳು ಹೋಟೆಲಿಗೆ ಒಲ್ಲೆ ಎಂದಳು. ನಿನ್ನೆ ಕಾರ್ಖಾನೆ ಮುಚ್ಚಿತು.

"ಎದ್ದು ಹೋಗಿ ಅಣ್ಣ. ನಾನು ಎತ್ತಲ್ಲ."

"ಕೂತಿರ್ತೀನಿ."

ಒಳಗಿನಿಂದ ತಾಯಿ ಗದರಿದಳು: "ಬಿಸಿಲೇರ್ತಿದೆ ಕಣೇ. ಆ ಬೋಳುತಲೆ ಬೇಯಿಸಿ ತಿಂಡಿ ಮಾಡ್ತೀಯಾ?"

ಮಸೀನಾಳಿಗೆ ನಗು ಬರಲಿಲ್ಲ. ಚಾಪೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತಳು. "ಗೊತ್ತಿದ್ದೂ ಸುಳ್ಳು ಹೇಳಿದ್ರಾ?"

"ದೇವರಾಣೆ ಇಲ್ಲ. ನಮ್ಮ ತಂತಿ ಹೋಗ್ತಿದ್ದ ದೇಶದಲ್ಲಿ ಆ ಕಾರು ಮಾಡೋದೇ ನಿಲ್ಸಿದ್ರಂತೆ. ನನಗೂ ನಿನ್ನೆನೇ ಗೊತ್ತಾಗಿದ್ದು. ಕಂಪ್ಯೂಟರಿಗೆ ಒಂದು ಪತ್ರ ಬಂತು."

"ಬರೆದೋರು ಯಾರು?"

"ಹೆಸರಿರ್ಲಿಲ್ಲ. ಕೊನೇಲಿ 'ಇದಕ್ಕೆ ಉತ್ತರ ಕಳಿಸಬೇಡಿ' ಅಂತಿತ್ತು."

ಏಳುನೂರು ಮನೆಗಳ ಒಲೆ ಆರಿಸಿದವರಿಗೆ, ಕೆಳಗೊಂದು ಹೆಸರು ಬರೆಯುವಷ್ಟೂ ಸೌಜನ್ಯವಿರಲಿಲ್ಲ. ಅಪ್ಪಣೆ ಕೊಟ್ಟವರು ಸಮುದ್ರದಾಚೆ ಮುಖವಿಲ್ಲದೆ ಉಳಿದರು. ಮಂಡಿಯೂರುವ ಪಾಲು ಅದನ್ನು ಓದಿ ಹೇಳಿದವನಿಗೆ ಬಂತು.

"ಅವರ ತಪ್ಪಿಗೆ ನೀವ್ಯಾಕೆ ಕೂತ್ರಿ?"

"ಮಾತು ಕೊಟ್ಟೋನು ನಾನಲ್ವೇನಮ್ಮ."

ಮಸೀನಾ ಎರಡೂ ಕೈಗಳಿಂದ ಚಾಪೆ ಎತ್ತಿದಳು. ಬೆವರಿನಲ್ಲಿ ತೊಯ್ದ ಮುಖ, ನಿದ್ದೆಯಿಲ್ಲದ ಕಣ್ಣು. ಏಳಲಾರದೆ ತಡವರಿಸಿದವನ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ಕರೆತಂದು ಕೂರಿಸಿದಳು. ಅವನ ಮಂಡಿಗೆ ಅಂಟಿದ್ದ ಹರಳುಗಳನ್ನು ತಾಯಿ ಬರಿಗೈಯಿಂದಲೇ ಉದುರಿಸಿದಳು.

"ನಿಮ್ಮ ಕೆಲಸ ಇದೆ ತಾನೆ?"

"ಕೆಲಸ ಹೋದೋರ ಪಟ್ಟೀಲಿ ಮೊದಲ್ನೇ ಹೆಸರು ನಂದೇ."

ಬಿಸಿ ಕೋಕೋ ಬಟ್ಟಲನ್ನು ಅವನ ಕೈಗಿಡುತ್ತ ಮಸೀನಾ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಅಣ್ಣ, ನಿಮ್ಮ ಮನೆ ಮುಂದೆ ಯಾರು ಬಂದು ಕೂತ್ರು?"