ಬಾಲಚುಕ್ಕಿ

"ಕಣ್ಣು ಇಲ್ಲಿಡಿ ಸಾಬ್ರೆ. ಆತುರ ಬೇಡ, ನಿಧಾನಕ್ಕೆ ಕಾಣುತ್ತೆ," ಎಂದು ವಿಜ್ಞಾನಿ ಭದ್ರಮ್ಮ ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಬಿಟ್ಟು ಎದ್ದಳು. ಬಿಡದಿಯ ಆ ಪ್ರಯೋಗಾಲಯದ ಕೋಣೆಯಲ್ಲಿ ದೀಪ ಆರಿಸಿದ್ದರು. ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಅಸದುಲ್ಲಾ ಟೋಪಿ ಹಿಂದಕ್ಕೆ ಸರಿಸಿ, ಉಸಿರು ಬಿಗಿಹಿಡಿದು ಬಗ್ಗಿದ.

ಕಪ್ಪು ಆಕಾಶ. ಅದರ ತುಂಬ ಹೊಳೆಯುವ ಚುಕ್ಕಿಗಳು. ಒಂದೊಂದರ ಹಿಂದೆಯೂ ಉದ್ದನೆಯ ಬೆಳಕಿನ ಬಾಲ.

"ಯಾ ಅಲ್ಲಾ, ಬಾಲಚುಕ್ಕಿ ಕಣಮ್ಮ. ಇದು ನಮ್ ಬಣ್ಣಾನಾ?"

ಕಾಡಂಚಿನ ಒಂದು ಬೇರನ್ನು ಅರೆದು ಅರಗಿಗೆ ಬೆರೆಸಿ, ಅವನೂ ಹೆಂಡತಿ ಅಖ್ತರಿಯೂ ಹೊಸದೊಂದು ಕೆಂಪು ಹುಟ್ಟಿಸಿದ್ದರು. ಆ ಹೊಳಪು ಅಂಗಡಿಯ ಯಾವ ಪುಡಿಗೂ ಇರಲಿಲ್ಲ. ಮಕ್ಕಳ ಗಿಲಕಿಗೆ ಅದೇ ಬಣ್ಣ ಬೇಕೆಂದು, ದೊಡ್ಡ ಆರ್ಡರು ಕೊಡುವ ಪರದೇಶದವರು ಪಟ್ಟು ಹಿಡಿದಿದ್ದರು; ಪ್ರಯೋಗಾಲಯ ಸೈ ಅನ್ನಬೇಕಿತ್ತು, ಅಷ್ಟೇ. ಬೇರಿನ ಬಣ್ಣದಲ್ಲಿ ಏನು ವಿಷ ಇದ್ದೀತು ಎಂದು ಅವನು ಗೆದ್ದವನಂತೆಯೇ ಬಸ್ಸು ಹತ್ತಿ ಬಂದಿದ್ದ.

"ಬಣ್ಣ ಅಲ್ಲ. ನಿಮ್ಮ ಬಣ್ಣ ತಿಂದ ಹುಳದ ಜೀವಕೋಶ. ಹಣ್ಣಿನ ನೊಣದ ಮರಿಗಳಿಗೆ ಮೇವಿನಲ್ಲಿ ಬೆರೆಸಿ ಕೊಟ್ಟಿದ್ವಿ," ಭದ್ರಮ್ಮನ ದನಿ ತಗ್ಗಿತು. "ಈಗ ಇದನ್ನ ನೋಡಿ." ಗಾಜಿನ ಪಟ್ಟಿ ಬದಲಿಸಿದಳು.

ಈ ಸಲ ಚುಕ್ಕಿಗಳು ರಾಗಿಕಾಳಿನಂತೆ ದುಂಡಗಿದ್ದವು. ಯಾವುದಕ್ಕೂ ಬಾಲವಿರಲಿಲ್ಲ.

"ಇವು ಬಣ್ಣ ತಿನ್ನದೇ ಇದ್ದವು. ಆ ದುಂಡಗೆ ಕಾಣೋದೇ ಡಿಎನ್‌ಎ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರೋದು. ಗಟ್ಟಿಯಾಗಿದ್ರೆ ಕರೆಂಟು ಹಾಯಿಸಿದ್ರೂ ಜಾಗ ಬಿಡಲ್ಲ. ಮುರಿದಿದ್ರೆ ಚೂರುಗಳು ಹರಿದು ಹೋಗಿ ಬಾಲ ಆಗುತ್ತೆ."

ಅಸದುಲ್ಲಾ ತಲೆಯೆತ್ತಲಿಲ್ಲ. "ಅಂದ್ರೆ, ಅಷ್ಟು ಚೆಂದ ಇದ್ದಿದ್ದು ಮುರಿದಿದ್ದಾ?"

"ಹೌದು. ಮತ್ತೆ ಮತ್ತೆ ಮಾಡಿ ನೋಡ್ದೆ. ಹುಳಕ್ಕೆ ಆಗಿದ್ದು ಮನುಷ್ಯರಿಗೂ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಆದ್ರೆ ಕೂಸು ಬಾಯಿಗಿಡೋ ಗಿಲಕಿ ಇದು. ಸೈ ಅನ್ನೋಕೆ ನನ್ ಕೈಲಾಗಲ್ಲ ಸಾಬ್ರೆ."

ಅಷ್ಟು ದೊಡ್ಡ ಆರ್ಡರು ಕಣ್ಣೆದುರೇ ಕರಗಿಹೋಯಿತು. ಅವನು ತನ್ನ ಕೆಂಪಗಾದ ಬೆರಳುಗಳನ್ನು ನೋಡಿಕೊಂಡ. ಆಮೇಲೆ ತಟ್ಟನೆ ಫೋನು ತೆಗೆದು ಅಖ್ತರಿಗೆ, ಅರೆಯುವುದನ್ನು ಬಿಟ್ಟು ಮೊದಲು ಕೈ ತೊಳೆದುಕೋ, ಯಾಕೆಂದು ಬಂದು ಹೇಳುತ್ತೇನೆ ಎಂದ. ಮತ್ತೆ ಸ್ಟೂಲಿನ ಮೇಲೆ ಕೂತ.

"ಆ ಬಾಲದ್ದು ಇನ್ನೊಂದ್ಸಲ ಹಾಕಮ್ಮ. ಈ ಬೇರನ್ನ ನಮ್ ಬೀದಿಗೆಲ್ಲ ನಾನೇ ಹೇಳ್ಕೊಟ್ಟಿದ್ದೀನಿ. ಈಗ ಬ್ಯಾಡ ಅಂದ್ರೆ ಯಾರೂ ನಂಬಾಕಿಲ್ಲ, ಹೊಟ್ಟೆಕಿಚ್ಚು ಅಂತಾರೆ. ನಾಳೆ ಎಲ್ರನ್ನೂ ಕರ್ಕೊಂಡ್ ಬತ್ತೀನಿ, ಅವ್ರೇ ಕಣ್ಣಾರೆ ನೋಡ್ಲಿ."

ಭದ್ರಮ್ಮನ ಮುಖ ಅರಳಿತು. "ಬರೀ ಕೈಲಿ ಬರಬೇಡಿ. ಅವರವರ ಬಣ್ಣಾನೂ ತರಲಿ. ಅಂಗಡಿಯದ್ದು, ಗಿಡದ್ದು, ಹಳದಿ, ಹಸಿರು, ಎಲ್ಲಾ ನೋಡೇಬಿಡೋಣ."

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಗೇಟಿನ ಮುಂದೆ ಇಡೀ ಬೀದಿಯೇ ನೆರೆದಿತ್ತು. ಉಪ್ಪಿನಕಾಯಿ ಜಾಡಿ, ಎಣ್ಣೆ ಸೀಸೆ, ಟಾನಿಕ್ಕಿನ ಬಾಟಲಿ, ಒಂದೊಂದರಲ್ಲೂ ಒಂದೊಂದು ಬಣ್ಣ. ಕತ್ತಲ ಕೋಣೆಯಿಂದ ಹೊರಬಂದವರು ಒಬ್ಬರ ಮಾತು ಒಬ್ಬರು ಕೇಳದಂತೆ ಒಟ್ಟಿಗೇ ಮಾತಾಡುತ್ತಿದ್ದರು. ಒಳಹೋಗುವವರಿಗೆ ಅಸದುಲ್ಲಾ ಬಾಲದ ಅರ್ಥ ಬಿಡಿಸಿ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ. ಆರ್ಡರು ಹೋದದ್ದು ಅವನ ನೆನಪಿನಲ್ಲೇ ಇರಲಿಲ್ಲ.

ಸಾಲಿನ ಕೊನೆಯಲ್ಲಿ ಅವನಿಗೆ ಗುರುತಿಲ್ಲದ ಹೆಂಗಸೊಬ್ಬಳು ನಿಂತಿದ್ದಳು. ಸಿದ್ದಮ್ಮ ಎಂದು ಹೆಸರು ಹೇಳಿದಳು. ಅವಳ ಬಾಟಲಿಯಲ್ಲಿ ಬಣ್ಣವೇ ಇರಲಿಲ್ಲ.

"ಇದು ಬರೀ ನೀರಲ್ವೇನಮ್ಮ?" ಎಂದ ಅಸದುಲ್ಲಾ.

"ನಮ್ ಬೋರಿನ ನೀರು ಕಣಣ್ಣ. ಇದೇ ಕಾಂಪೌಂಡಿನ ಹಿಂದ್ಗಡೆ ನಮ್ ಮನೆ, ಇಲ್ಲಿನ ಮೋರಿ ನೀರು ನಮ್ ಕಡೀಕೇ ಹರೀತೈತೆ. ಇದ್ನೂ ಒಸಿ ನೋಡಾಕೆ ಹೇಳು, ಬಾಲ ಐತಾ ಅಂತ."