ಎರಡು ಅಂಗೈಯ ಚುಕ್ಕೆ

ಸಕ್ಕರೆ ಕಾಯಿಲೆಯ ಮನೆತನಗಳಲ್ಲಿ ಹುಟ್ಟುವ ಎಲ್ಲ ಮಕ್ಕಳಂತೆ ಚಿನ್ಮಯಿಯ ಅಂಗೈಗಳಲ್ಲೂ ನೀಲಿ ಚುಕ್ಕೆಗಳಿದ್ದವು. ಬಲಗೈಯದು ತಂದೆಯ ಕಡೆಯದು, ಎಡಗೈಯದು ತಾಯಿಯ ಕಡೆಯದು. ಆಯಾ ಕಡೆಯ ಅಜ್ಜ ಬಾಯಿ ಕಟ್ಟಿದರೆ ಚುಕ್ಕೆ ಮಾಸುತ್ತಿತ್ತು, ಇಲ್ಲವಾದರೆ ಕಪ್ಪಾಗಿ, ಮುಂದೆ ಆ ಕಾಯಿಲೆ ಮಗುವಿಗೂ ಬರುತ್ತಿತ್ತು.

ಅವಳನ್ನು ತೊಟ್ಟಿಲಿಗೆ ಹಾಕಿದ ದಿನ, ತಾಯಿಯ ತಂದೆ ರುದ್ರಗೌಡರು ಹೋಳಿಗೆ ಬಡಿಸುತ್ತ ಬೀಗರಾದ ಚನವೀರಪ್ಪನವರ ಮುಂದೆ ನಿಂತರು.

“ಒಂದು ಹಾಕಸ್ಕೊಳ್ರಿ ಬೀಗರ. ಇವತ್ತೊಂದಿನ ಏನೂ ಆಗೂದಿಲ್ಲ.”

ಚನವೀರಪ್ಪನವರು ಎಲೆಗೆ ಕೈ ಅಡ್ಡ ಹಿಡಿದರು. “ಬ್ಯಾಡ್ರಿ. ನಾ ತಿಂದದ್ದು ಅಕಿ ಕೈಯಾಗ ಕಾಣತೈತಿ.”

ರುದ್ರಗೌಡರು ತೊಟ್ಟಿಲ ಬಳಿ ಹೋಗಿ ಮಗುವಿನ ಮುಷ್ಟಿಗಳನ್ನು ಮೆಲ್ಲಗೆ ಬಿಡಿಸಿದರು. ಬಲಗೈಯ ಚುಕ್ಕೆ ಆಗಲೇ ತಿಳಿಯಾಗಿತ್ತು. ಎಡಗೈಯದು ಮಸಿಯಂತಿತ್ತು.

ಕಡೆಯ ಪಂಕ್ತಿಯಲ್ಲಿ ಅವರು ಊಟಕ್ಕೆ ಕುಳಿತಾಗ ಹೆಂಡತಿ ಎಂದಿನಂತೆ ಎರಡು ಹೋಳಿಗೆ ತಂದರು. ಗೌಡರ ಎಡಗೈ ಎಲೆಗೆ ಅಡ್ಡ ಬಂತು.

“ಯಾಕ್ರಿ, ಆರಾಮಿಲ್ಲೇನು?”

“ಅಕಿ ಆರಾಮಿರ್ಲಿ ಅಂತ.”